ಮಾವನ ಭಾನುವಾರದ ಪಾಠ

ನಮ್ಮ ಸೋದರಮಾವನಿಗೆ ಟೆಕ್ಸಾಸಿನಲ್ಲಿ ಜ್ಞಾನೋದಯ ಮಾಡಿಸಿದ್ದು ಒಂದು ಕತ್ತೆ ಎಂದರೆ ನೀವು ನಂಬಲಿಕ್ಕಿಲ್ಲ! ಎಪ್ಪತ್ತರ ದಶಕದಲ್ಲಿ ಹ್ಯೂಸ್ಟನ್ನಿಗೆ ಹ್ಯೂಸ್ಟನ್ನೇ ಎಣ್ಣೆಯ ಹಿಂದೆ ಬಿದ್ದಿದ್ದಾಗ, ಎಣ್ಣೆ ಕಂಪನಿಯ ಎಂಜಿನಿಯರ್ ಆಗಿದ್ದ ಈ ಮಹಾಶಯರು ಯಹೂದಿಗಳ ಧರ್ಮಗ್ರಂಥದಲ್ಲಿ ನೀತಿ ಹುಡುಕುತ್ತಿದ್ದರು.

ಪಕ್ಕದ ಮನೆಯ ಯಹೂದಿ ಮುದುಕರೊಬ್ಬರು ತಮ್ಮ ಮಂದಿರದ ಭಾನುವಾರದ ಪಾಠಕ್ಕೆ ಕರೆದೊಯ್ದದ್ದೇ ನೆಪ. ಅಲ್ಲಿ ರಬ್ಬಿ, ಅಂದರೆ ಅವರ ಗುರುಗಳು, ಕಥೆಯೊಳಗಿನ ಯಾವುದೋ ವಿಚಿತ್ರ ಸಂಗತಿ ಹಿಡಿದು 'ಇದು ಯಾಕೆ ಹೀಗೆ?' ಎಂದು ಕೇಳುತ್ತಿದ್ದರು. ಮಾವ ಹುಟ್ಟಿದಾಗಿನಿಂದ ಕೇಳುತ್ತಿದ್ದದ್ದೂ ಅದನ್ನೇ. ಅದಕ್ಕೆ ಬೈಗುಳದ ಬದಲು ಕಾಫಿ ಸಿಕ್ಕಿದ್ದು ಮಾತ್ರ ಅಲ್ಲೇ ಮೊದಲು!

ಆಸ್ಟಿನ್ನಿನಲ್ಲಿ ಓದುತ್ತಿದ್ದ ನಾನು ಬೇಸಿಗೆ ರಜೆಗೆ ಬಂದಾಗ ಕತ್ತೆಯ ಕಥೆ ನಡೆದಿತ್ತು. ಬಿಳಾಮನೆಂಬ ಪ್ರವಾದಿ ಕತ್ತೆ ಏರಿ ಹೊರಟಿದ್ದಾನೆ. ದಾರಿಗಡ್ಡ ನಿಂತ ದೇವದೂತ ಕತ್ತೆಗೆ ಕಾಣುತ್ತಾನೆ, ಇವನಿಗೆ ಕಾಣುವುದಿಲ್ಲ. ಮುಂದೆ ಹೋಗಲೊಲ್ಲದ ಕತ್ತೆಗೆ ಬಾರಿಸುತ್ತಾನೆ. ಕತ್ತೆ ಬಾಯಿಬಿಟ್ಟು, "ಯಾಕೆ ಹೊಡೀತೀಯ?" ಅನ್ನುತ್ತದೆ. ಬೆಚ್ಚಿ ಬೀಳಬೇಡವೇ? ಇವನು ಅದರ ಜೊತೆ ವಾದಕ್ಕೆ ನಿಲ್ಲುತ್ತಾನೆ! ಕೋಪ ಬಂದವನಿಗೆ ಎದುರಿಗೆ ಮಾತಾಡುತ್ತಿರುವುದು ಯಾರೆಂಬುದೂ ತಿಳಿಯುವುದಿಲ್ಲ ಎಂದು ಮಾವ ನೀತಿ ತೆಗೆದರು.

ಅದಾದ ಮೇಲೆ ಒಂದು ದಿನ ಸುಡು ಬಿಸಿಲಲ್ಲಿ ನಮ್ಮ ಕಾರು ಫ್ರೀವೇಯಲ್ಲಿ ನಿಂತುಹೋಯಿತು. ಮಾವ ಸ್ಟೀರಿಂಗ್ ಸವರುತ್ತಾ, "ಯಾರೂ ಬೈಬೇಡಿ. ಇದಕ್ಕೆ ಮುಂದೆ ಏನೋ ಕಂಡಿರಬೇಕು" ಅಂದರು.

"ಪೆಟ್ರೋಲ್ ಮುಗಿದಿರೋದು ಕಂಡಿದೆ, ಇಳೀರಿ!" ಅಂದರು ಅತ್ತೆ.

ಮಾವನ ದಿಗ್ವಿಜಯವನ್ನು ಮರುವಾರದ ಪಾಠದಲ್ಲಿ ಕಣ್ಣಾರೆ ಕಂಡೆ. ನೈಲ್ ನದಿಯ ನೀರನ್ನು ರಕ್ತವಾಗಿಸಲು ಕೋಲಿನಿಂದ ಹೊಡೆದವನು ಯಹೂದಿಗಳನ್ನು ಈಜಿಪ್ಟಿನ ದಾಸ್ಯದಿಂದ ಬಿಡಿಸಿದ ಮೋಶೆಯಲ್ಲ, ಅವನ ಅಣ್ಣ. ಯಾಕೆ? ಎಂದು ರಬ್ಬಿ ಕೇಳಿದರು.

"ಮೋಶೆ ಕೂಸಾಗಿದ್ದಾಗ ಬುಟ್ಟೀಲಿಟ್ಟು ಬಿಟ್ಟಿದ್ದು ಅದೇ ನದೀಲಲ್ವಾ?" ಅಂದರು ಮಾವ. "ಕಾಪಾಡಿದ ನೀರಿಗೆ ಹೊಡೆಯೋಕೆ ಕೈ ಬರತ್ತಾ? ನಮ್ಮಮ್ಮ ಕಾವೇರಿಗೆ ಕಾಲಿಡೋ ಮುಂಚೆ, ತಪ್ಪಾಯ್ತು ತಾಯಿ ಅಂತ ಕೈ ಮುಗೀತಿದ್ರು."

ರಬ್ಬಿ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. "ನಮ್ಮ ಹಿರಿಯರು ಬರೆದಿಟ್ಟ ಉತ್ತರವೂ ಇದೇ!" ಚಪ್ಪಾಳೆಯೋ ಚಪ್ಪಾಳೆ! ಅಂದು ಮಾವ ಊಟಕ್ಕೆ ಕೂತದ್ದೂ ಕುಸ್ತಿ ಗೆದ್ದವರ ಹಾಗೆ. ಪಲ್ಯಕ್ಕೆ ಉಪ್ಪಿಲ್ಲದ್ದರಲ್ಲೂ ನೀತಿ ಹುಡುಕತೊಡಗಿದರು.

"ಅದರ ನೀತಿ ನಾನು ಹೇಳ್ತೀನಿ. ನಾಳೆಯಿಂದ ನೀವೇ ಮಾಡಿ," ಅಂದರು ಅತ್ತೆ.

ಮುಂದಿನ ಭಾನುವಾರ ಅತ್ತೆಯನ್ನೂ ಹೊರಡಿಸಿದರು. ಅಂದು ಸಾರಾಳ ಕಥೆ. ನಿನಗೆ ಮಗು ಹುಟ್ಟುತ್ತದೆ ಎಂಬ ಮಾತು ಕೇಳಿ ಮುದುಕಿ ಸಾರಾ, 'ನನ್ನ ಗಂಡನಿಗೂ ವಯಸ್ಸಾಯಿತಲ್ಲ' ಎಂದು ಒಳಗೊಳಗೇ ನಗುತ್ತಾಳೆ. ದೇವರು ಅದನ್ನು ಗಂಡನಿಗೆ ತಿಳಿಸುವಾಗ, 'ತನಗೆ ವಯಸ್ಸಾಯಿತು ಅಂದಳು' ಎನ್ನುತ್ತಾನೆ. ದೇವರೇ ಮಾತು ಬದಲಿಸುವುದೇ? ಯಾಕೆ?

ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ತಲೆ ತಗ್ಗಿಸಿದ್ದರು.

"ಗಂಡನ ಮನಸ್ಸು ನೋಯಬಾರದು ಅಂತ," ಅಂದರು ಅತ್ತೆ, ತಮ್ಮ ತಡವರಿಸುವ ಇಂಗ್ಲಿಷಿನಲ್ಲಿ.

ರಬ್ಬಿ ಮೇಜು ಕುಟ್ಟಿ, "ಅದೇ ಸರಿ!" ಎಂದರು. ಮತ್ತೆ ಚಪ್ಪಾಳೆ. ಅದು ನಿಲ್ಲುವ ಮೊದಲೇ ಮಾವ ಎದ್ದು ನಿಂತರು.

"ನಮಗೆ ಮಕ್ಕಳಿಲ್ಲ. ಕೊರತೆ ನನ್ನದು ಅಂತ ಡಾಕ್ಟರು ಹೇಳಿದ್ರು. ಆದರೆ ನಮ್ಮ ಮನೆಯವರಿಗೆಲ್ಲ ಇವಳು ಇಷ್ಟು ವರ್ಷ ತನ್ನದೇ ಅಂತ ಹೇಳ್ಕೊಂಡು ಬಂದಿದಾಳೆ."

ನಾನೂ ಅದನ್ನೇ ನಂಬಿದ್ದೆ.

ಅತ್ತೆ ಅವರ ಕೋಟಿನ ತುದಿ ಜಗ್ಗುತ್ತಾ, "ಕೂತ್ಕೊಳ್ರೀ, ಎಲ್ಲರೂ ನೋಡ್ತಿದಾರೆ," ಎಂದು ಪಿಸುಗುಟ್ಟಿದರು.

"ನೋಡಲಿ," ಅಂದರು ಮಾವ. ಕೂರಲಿಲ್ಲ.