ರಾಣಿಯರ ವಕಾಲತ್ತು ವಹಿಸಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಜಗಳವಿರುವುದು ಸತ್ತು ನೂರಾರು ವರ್ಷವಾದವರ ಜೊತೆ ಎಂದರೆ ನೀವು ನಂಬಲಿಕ್ಕಿಲ್ಲ! ಉಡುಪಿಯವರು, ರಿಯಾದಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮನೆಗೆ ಬಂದದ್ದೇ ಮೊಬೈಲಿನಲ್ಲಿ ಯುರೋಪಿನ ಹಳೆಯ ಪಾದ್ರಿಗಳ ಲ್ಯಾಟಿನ್ ಪದ್ಯಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಾರೆ. ಅದೂ ಯಾವ ಪದ್ಯಗಳು? ಪ್ರಾಚೀನ ರಾಣಿಯರನ್ನು ಬೈದವು ಮಾತ್ರ!

"ಈ ಸೆಮಿರಾಮಿಸ್ ಬ್ಯಾಬಿಲೋನಿನ ರಾಣಿ. ಕೋಟೆ ಕಟ್ಟಿಸಿದಳು, ಯುದ್ಧ ಗೆದ್ದಳು. ಈ ಪುಣ್ಯಾತ್ಮರು ಬರೆದದ್ದೆಂತ? ಕಾಮುಕಿ ಅಂತೆ! ಒಬ್ಬನಾದರೂ ಅವಳನ್ನು ಕಂಡದ್ದುಂಟಾ? ಸ್ಯಾಂಪಲ್ ನೋಡದೆ ರಿಪೋರ್ಟ್ ಬರೆದವರು ಮಾರಾಯ!" ಎಂದು ನನ್ನ ಮುಂದೆ ಸಿಡುಕುತ್ತಾರೆ.

ರಕ್ತದಲ್ಲಿ ಸಕ್ಕರೆ ಎಷ್ಟುಂಟೆಂದು ಕೇಳಲು ಬಂದ ಭಟ್ಕಳದ ನೆರೆಮನೆಯಾಕೆ ಕ್ಲಿಯೋಪಾತ್ರಳ ಕಥೆ ಪೂರ್ತಿ ಕೇಳಿಕೊಂಡು ಹೋದರು. ಸಕ್ಕರೆ ಎಷ್ಟೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ! ಇಂಥ ಹೊತ್ತಿನಲ್ಲಿ ಈಕೆ ನನ್ನ ಚಿಕ್ಕಮ್ಮ ಎನ್ನಲು ನನಗೆ ಮುಜುಗರ.

ಶುಕ್ರವಾರ ನಮ್ಮ ಕರಾವಳಿಯವರು ಊರ ಹೊರಗೆ ಇಸ್ತಿರಾಹ, ಅಂದರೆ ಬಾಡಿಗೆಯ ವಿಶ್ರಾಂತಿ ಮನೆ, ಹಿಡಿದು ಬಿರಿಯಾನಿ ಉಣ್ಣುವುದುಂಟು. ಗಂಡಸರು ಈಚೆ, ಹೆಂಗಸರು ಆಚೆ, ನಡುವೆ ಪರದೆ. ಪರದೆ ಕಣ್ಣಿಗೆ ಅಡ್ಡವೇ ಹೊರತು ಕಿವಿಗಲ್ಲ ಎಂಬುದನ್ನು ನಾನು ಮರೆತೆ.

"ನಿನ್ನ ಚಿಕ್ಕಪ್ಪ ಆ ಪದ್ಯ ಕೇಳಿಯೇ ಊರಿಗೆ ಓಡಿದ್ದಾ ಎಂತ?" ಎಂದು ಒಬ್ಬರು ಕೇಳಿದರು.

"ಪದ್ಯ ಎಲ್ಲಿಂದ? ಚಿಕ್ಕಮ್ಮನ ಪೆಟ್ಟು ತಿಂದು ಓಡಿದ್ದು!" ಎಂದೆ.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಚಿಕ್ಕಪ್ಪನೇ ಚಿಕ್ಕಮ್ಮನನ್ನು ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಂಡದ್ದು ನನಗೆ ಚೆನ್ನಾಗಿ ಗೊತ್ತಿತ್ತು. ನನಗೆ ಇಲ್ಲಿ ಕೆಲಸ ಹುಡುಕಿಕೊಟ್ಟು, ತಮ್ಮ ಮನೆಯಲ್ಲೇ ಇರಿಸಿಕೊಂಡು ಅನ್ನ ಹಾಕುತ್ತಿರುವವರೂ ಇವರೇ! ಚಿಕ್ಕಮ್ಮನೂ ಕೂತಿದ್ದ ಆಚೆ ಕಡೆಯ ಮಾತೆಲ್ಲ ಒಮ್ಮೆಲೇ ನಿಂತಿತು.

ವಾಪಸಾಗುವಾಗ ಕಾರು ಓಡಿಸುತ್ತ ಚಿಕ್ಕಮ್ಮ ಇಷ್ಟೇ ಹೇಳಿದರು: "ಆ ಪಾದ್ರಿಗಳು ರಾಣಿಯನ್ನು ಕಂಡವರಲ್ಲ ಮಗ. ನೀನು ನನ್ನನ್ನು ದಿನಾ ಕಾಣ್ತಿಯಲ್ಲ." ನಾಚಿಕೆಯಿಂದ ಕುಗ್ಗಿಹೋದೆ. ಅವರ ಮಾನ ಕಳೆದದ್ದು ಯಾವ ಪಾದ್ರಿಯೂ ಅಲ್ಲ, ನಾನು.

ಮುಂದಿನ ಶುಕ್ರವಾರ ಬಿರಿಯಾನಿ ಬಡಿಸುವ ಮೊದಲು ಎದ್ದು ನಿಂತೆ. "ಕಳೆದ ವಾರ ನಾನು ಹೇಳಿದ್ದು ಸುಳ್ಳು. ಬಿಟ್ಟುಹೋದದ್ದು ಚಿಕ್ಕಪ್ಪ. ಚಿಕ್ಕಮ್ಮ ಯಾರ ಮೇಲೂ ಕೈ ಎತ್ತಿದವರಲ್ಲ" ಎಂದೆ, ಆಚೆಗೂ ಕೇಳುವಂತೆ.

ಯಾರೂ ನಗಲಿಲ್ಲ. ಪರದೆಯ ಕೆಳಗಿನಿಂದ ಒಂದು ಬಿರಿಯಾನಿ ತಟ್ಟೆ ನನ್ನತ್ತ ಸರಿದುಬಂತು.

"ಕೂತ್ಕೊ ಮಾರಾಯ, ತಣೀತದೆ" ಎಂದರು ಚಿಕ್ಕಮ್ಮ.