ಕನ್ವರ್ಟರ್ ಮತ್ತು ಫ್ರಿಜ್ಜಿನ ಗುಂಯ್

ನಮ್ಮ ಬೀದಿಯಲ್ಲಿ ಶುದ್ಧ ನಾದವನ್ನು ಕೇಳಿದ ಮೊದಲ ಮನುಷ್ಯ ನಾನೇ ಆಗಬೇಕು! ೧೯೮೯ರ ಒಂದು ಭಾನುವಾರ, ಊಟ ಮುಗಿಸಿ ಕೈ ತೊಳೆಯುತ್ತಾ ಹೀಗೊಂದು ಘೋರ ಪ್ರತಿಜ್ಞೆ ಮಾಡಿದೆ. ಅದಕ್ಕೆ ಕಾರಣ ದುಬೈಯ ಭಾವ ಮಹಾಬಲ. ರಜೆಯಲ್ಲಿ ಬಂದವನು ಕನ್ವರ್ಟರ್ ಎಂಬ ಕಪ್ಪು ಪೆಟ್ಟಿಗೆಯೊಂದನ್ನು ಕೊಟ್ಟು ಹೋಗಿದ್ದ. ಸಿ.ಡಿ.ಯಲ್ಲಿ ಇರುವುದು ಹಾಡಲ್ಲವಂತೆ, ಬರೀ ಅಂಕಿಗಳಂತೆ. ಅವನ್ನು ಹಾಡು ಮಾಡುವ ಕೆಲಸವನ್ನು ನನ್ನ ಪ್ಲೇಯರ್ ಹೇಗೋ ಮಾಡಿ ಮುಗಿಸುತ್ತಿತ್ತು. ಈ ಪೆಟ್ಟಿಗೆ ಅದನ್ನೇ ಶ್ರದ್ಧೆಯಿಂದ ಮಾಡುತ್ತದಂತೆ. ಪ್ಲೇಯರಿಗೂ ಹೆಡ್‌ಫೋನಿಗೂ ನಡುವೆ ಅದನ್ನು ಕೂರಿಸಿ ವೀಣೆಯ ಸಿ.ಡಿ. ಹಾಕಿದೆ.

ಭಾವನಿಗೆ ದೇವರು ಒಳ್ಳೆಯದು ಮಾಡಲಿ, ತಂತಿಯ ಮೇಲೆ ಬೆರಳು ಜಾರುವುದೂ ಕೇಳಿಸಿತು. ಆದರೆ ಅದರೊಂದಿಗೆ ಗುಂಯ್ ಎಂಬ ಸಣ್ಣ ಸದ್ದೂ ಕೇಳಿಸಿತು! ಫ್ಯಾನ್ ಆರಿಸಿದೆ, ಹೋಗಲಿಲ್ಲ. ಟ್ಯೂಬ್‌ಲೈಟ್ ಆರಿಸಿದೆ, ಹೋಗಲಿಲ್ಲ. ಕೊನೆಗೆ ಅಪರಾಧಿ ಸಿಕ್ಕಿತು. ಅಡುಗೆಮನೆಯ ಫ್ರಿಜ್.

ಫ್ರಿಜ್ ಹೆಸರಿಗೆ ಮಾತ್ರ ನಮ್ಮದು. ಆ ಸಾಲಿನ ಮನೆಗಳಿಗೆಲ್ಲ ಇದ್ದದ್ದು ಅದೊಂದೇ. ಅಂದು ಅದರಲ್ಲಿ ಪಕ್ಕದ ಮನೆಯ ಬೀಫಾತಿಮ್ಮನ ಆಡಿನ ಮಾಂಸವಿತ್ತು. ಮರುದಿನ ಅವರ ಮಗಳು ಸಫಿಯಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ಬಿರಿಯಾನಿ ಆಗಬೇಕಿತ್ತು. “ಶೆಟ್ರೇ, ನಮ್ಮ ಮರ್ಯಾದೆ ನಿಮ್ಮ ಫ್ರಿಜ್ಜಲ್ಲಿ ಉಂಟು,” ಎಂದು ಬೆಳಿಗ್ಗೆಯೇ ಹೇಳಿ ಇಟ್ಟುಹೋಗಿದ್ದರು.

ಅರ್ಧ ಗಂಟೆಗೆ ಏನಾಗುತ್ತದೆ ಎಂದುಕೊಂಡು ಸ್ವಿಚ್ ಆರಿಸಿ ಬಂದು ಕೂತೆ. ಆಹಾ! ಗುಂಯ್ ಮಾಯ! ಹೆಂಡತಿ ಉಮಾವತಿ ತರಕಾರಿ ಹೆಚ್ಚುತ್ತಿದ್ದಳು. ಹೆಡ್‌ಫೋನ್ ಹಾಕಿಕೊಂಡೇ, ಬೀದಿಗೆಲ್ಲ ಕೇಳುವಂತೆ, “ಉಮಾ, ಈಗ ಅಮೃತ!” ಎಂದು ಕೂಗಿದೆ. ಅವಳು ನಕ್ಕು ತಲೆಯಾಡಿಸಿದಳು.

ಅರ್ಧ ಗಂಟೆ ಇಡೀ ಮಧ್ಯಾಹ್ನವಾಯಿತು. ಇಂಥ ದಿಗ್ವಿಜಯವನ್ನು ಯಾರಿಗಾದರೂ ಹೇಳದೆ ಇರುವುದು ಹೇಗೆ? ಶರ್ಟು ಸಿಕ್ಕಿಸಿಕೊಂಡು ಬಸ್ ಹಿಡಿದು ಬಂದರಿಗೆ ಹೋದೆ. ಅಲ್ಲಿನ ಐಸ್ ಪ್ಲಾಂಟಿನಲ್ಲಿ ಗೆಳೆಯ ವಿಲ್ಲಿ ಮ್ಯಾನೇಜರು. ಗುಂಯ್ ಹುಟ್ಟಿದ್ದು, ನಾನು ಅದನ್ನು ಪತ್ತೆಹಚ್ಚಿದ್ದು, ನಿರ್ನಾಮ ಮಾಡಿದ್ದು ಎಲ್ಲವನ್ನೂ ಬಣ್ಣಿಸಿದೆ. ಅವನು ತಾಳ್ಮೆಯಿಂದ ಕೇಳಿದ.

“ಎಲ್ಲ ಸರಿ ಮಾರಾಯ. ಫ್ರಿಜ್ಜಿನ ಸ್ವಿಚ್ ಪುನಃ ಹಾಕಿದ್ದೀಯಾ?”

ಹಾಳಾದ ಮಾಂಸ, ಬಂದು ಕೂತ ಬೀಗರು, ನನ್ನನ್ನು ಮಾಮ ಎಂದು ಕರೆಯುವ ಸಫಿಯಾಳ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ವಿಲ್ಲಿ ಒಂದು ಮಾತೂ ಬೈಯಲಿಲ್ಲ. ದೊಡ್ಡ ಐಸ್ ತುಂಡೊಂದನ್ನು ಗೋಣಿಯಲ್ಲಿ ಸುತ್ತಿ, ನನ್ನ ಸಮೇತ ರಿಕ್ಷಾಕ್ಕೆ ಹೇರಿದ. ಅವನ ಉಪಕಾರ ನನ್ನ ತೊಡೆಯ ಮೇಲೆ ಕೂತು ಕರಗತೊಡಗಿತು. ಒದ್ದೆಯಾಗುತ್ತಿದ್ದ ನನ್ನ ಪ್ಯಾಂಟನ್ನು ಕನ್ನಡಿಯಲ್ಲಿ ನೋಡಿದ ರಿಕ್ಷಾದವನು, ನಡುವೆ ಎಲ್ಲಾದರೂ ನಿಲ್ಲಿಸಬೇಕಾ ಎಂದು ಮರ್ಯಾದೆಯಿಂದ ವಿಚಾರಿಸಿದ.

ಮನೆಯ ಜಗಲಿಯಲ್ಲಿ ಉಮಾವತಿಯೂ ಬೀಫಾತಿಮ್ಮನೂ ಮಾತಾಡುತ್ತಾ ಕೂತಿದ್ದರು. ಗೋಣಿಯನ್ನು ಅಪ್ಪಿಕೊಂಡೇ ಒಂದೇ ಉಸಿರಿಗೆ ತಪ್ಪೊಪ್ಪಿಕೊಂಡೆ. ಬೀಫಾತಿಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. ಉಮಾವತಿ ಎದ್ದು ಒಳಗೆ ಹೋಗಿ ಮಾಂಸದ ಪೊಟ್ಟಣ ತಂದು ನನ್ನ ಕೈಯಲ್ಲಿಟ್ಟಳು. ಅದು ಕಲ್ಲಿನಂತೆ ಗಟ್ಟಿಯಾಗಿ ಕೊರೆಯುತ್ತಿತ್ತು.

“ನೀವು ಸ್ವಿಚ್ ಆರಿಸಿ ಆಚೆ ಕೋಣೆಗೆ ಹೋದ ಕೂಡಲೇ ನಾನು ಹಾಕಿದ್ದೆ,” ಎಂದಳು.

ನನಗೆ ಕಣ್ಣು ತುಂಬಿ ಬಂತು. ಬೀಫಾತಿಮ್ಮನ ಎದುರೇ ಹೆಂಡತಿಗೆ ಕೈ ಮುಗಿದೆ. ಬೀಫಾತಿಮ್ಮ ಬೈಯುವ ಬದಲು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ನಾಳೆ ನೀವಿಬ್ಬರೂ ಬರದಿದ್ದರೆ ಬಿರಿಯಾನಿಯ ಮುಚ್ಚಳವನ್ನೇ ತೆರೆಯುವುದಿಲ್ಲ ಎಂದರು. ಐಸ್ ಅವರ ಮನೆಯ ಶರಬತ್ತಿಗೆ ಹೋಯಿತು. ಇಂಥವರ ನಡುವೆ ಬದುಕುವುದೇ ನನ್ನ ಪುಣ್ಯ ಎಂದುಕೊಂಡು ಒದ್ದೆ ಪ್ಯಾಂಟ್ ಹಿಂಡುತ್ತಿದ್ದಾಗ ತಲೆಯಲ್ಲೊಂದು ಸಂಶಯ ಎದ್ದಿತು.

“ಉಮಾ, ಹಾಗಾದರೆ ನಾನು ಅಮೃತ ಅಂತ ಕೂಗಿದಾಗ?”

“ಆಗ ಫ್ರಿಜ್ಜು ಗುಂಯ್ ಅಂತಲೇ ಇತ್ತು,” ಎಂದಳು ಉಮಾವತಿ. “ನೀವು ಅಷ್ಟು ಖುಷಿಯಲ್ಲಿದ್ರಿ, ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ.”