ಗೊರಗುಟ್ಟುವ ಫ್ಯಾನಿನ ದುರಸ್ತಿ

ಮಾಡಿದ್ದೆಲ್ಲ ಹೆಂಡತಿಯ ಮೇಲಿನ ಪ್ರೀತಿಯಿಂದ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ನನ್ನವಳು ಮನೆಯ ಮುಂದಿನ ಕೋಣೆಯಲ್ಲಿ ಪಾರ್ಲರ್ ನಡೆಸುತ್ತಾಳೆ. ಹುಬ್ಬು ತಿದ್ದುವುದರಲ್ಲಿ ಎತ್ತಿದ ಕೈ. ಮಕ್ಕಳು ದೊಡ್ಡವರಾದ ಮೇಲೆ, ಅರ್ಧಕ್ಕೆ ಬಿಟ್ಟಿದ್ದ ಇತಿಹಾಸದ ಪದವಿಯನ್ನು ಮತ್ತೆ ಹಿಡಿದಳು. ಉಳಿದಿದ್ದು ಕೊನೆಯ ಮೌಖಿಕ ಪರೀಕ್ಷೆ ಮಾತ್ರ. ಅದನ್ನು ಕಂಪ್ಯೂಟರಿನ ಮುಂದೆ ಕೂತೇ ಕೊಡಬೇಕು, ಫೋನಿನಲ್ಲಿ ಒಪ್ಪುವುದಿಲ್ಲ. ತಾಲೀಮಿನ ದಿನ ಪರದೆಯ ಆ ಕಡೆಯ ಪರೀಕ್ಷಕ ಮೇಡಂ, "ಏನದು ಗೊರಗೊರ ಶಬ್ದ?" ಎಂದು ಕೇಳಿದರಂತೆ. "ಕಂಪ್ಯೂಟರ್ ಫ್ಯಾನ್ ಮೇಡಂ, ಹಳೇದು," ಎಂದಳಂತೆ ಇವಳು. (ನನಗೆ ಆ ಶಬ್ದ ಕೇಳಿಸಿರಲಿಲ್ಲ. ಊಟ ಮುಗಿಸಿ ಪಕ್ಕದ ಸೋಫಾದಲ್ಲಿ ಸ್ವಲ್ಪ ಒರಗಿದ್ದೆ.)

ಪರೀಕ್ಷೆಯ ಹಿಂದಿನ ದಿನ, ಅವಳು ಗಿರಾಕಿಯೊಬ್ಬರ ಹುಬ್ಬಿನಲ್ಲಿ ಮುಳುಗಿದ್ದಾಗ, ನಾನು ಸ್ಕ್ರೂಡ್ರೈವರ್‌ಧಾರಿಯಾಗಿ ಕಂಪ್ಯೂಟರಿನ ಉದರವನ್ನು ಪ್ರವೇಶಿಸಿದೆ. ಫ್ಯಾನ್ ಬಿಚ್ಚಿ ಒರೆಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದರ ಕೆಳಗೆ ಪ್ರೊಸೆಸರ್ ಎಂಬ ಚೌಕದ ಬಿಲ್ಲೆ ಕಂಡಿತು. ಇದನ್ನೂ ಒರೆಸಿಬಿಡೋಣ ಎಂದು ಎತ್ತಿದೆ. ಬಿಲ್ಲೆ ಕೈಜಾರಿ ತನ್ನ ಸಾಕೆಟ್ಟಿನ ಮೇಲೆಯೇ ಓರೆಯಾಗಿ ಬಿತ್ತು. ಸಾಕೆಟ್ಟಿನ ತುಂಬ ಕೂದಲಿನಷ್ಟು ಸಣ್ಣ, ಚಿನ್ನದ ಬಣ್ಣದ ಪಿನ್ನುಗಳು ಶಿಸ್ತಾಗಿ ಒಂದೇ ಕಡೆ ವಾಲಿ ನಿಂತಿದ್ದವು. ಈಗ ಒಂದು ಮೂಲೆಯ ಸಾಲು ಪಕ್ಕದವರ ಹೆಗಲ ಮೇಲೆ ಮಲಗಿತ್ತು.

ರಿಪೇರಿ ಅಂಗಡಿಗೆ ಫೋನ್ ಮಾಡಿದೆ. "ಸಾಕೆಟ್ ಹೋದ್ರೆ ಬೋರ್ಡೇ ಬದಲಾಯಿಸ್ಬೇಕು ಸಾರ್. ಬರೋಕೆ ವಾರ ಆಗುತ್ತೆ," ಎಂದ. ಇಷ್ಟು ವರ್ಷ ಕಾದ ಅವಳ ಪದವಿಗೆ ನಾನೇ ಕಲ್ಲು ಹಾಕಿದ್ದೆ. ಅವಳು ಗಿರಾಕಿಗೆ ನೀರು ತರಲು ಹೋದ ಸಂದಿನಲ್ಲಿ ಪಾರ್ಲರಿಗೆ ನುಗ್ಗಿ, ಹುಬ್ಬಿನ ಕೂದಲು ಕೀಳುವ ಪ್ಲಕ್ಕರ್ ಎತ್ತಿಕೊಂಡು ಬಂದೆ. ಒಂದು ಪಿನ್ ನೆಟ್ಟಗಾಗುವಷ್ಟರಲ್ಲಿ ಇನ್ನೆರಡು ಸೊಟ್ಟಗಾದವು.

"ರೀ, ನನ್ನ ಪ್ಲಕ್ಕರ್ ನೋಡಿದ್ರಾ? ಪಾಪ, ಅವ್ರು ಒಂದೇ ಹುಬ್ಬಲ್ಲಿ ಕೂತಿದಾರೆ," ಎನ್ನುತ್ತ ಬಂದವಳು ಬಾಗಿಲಲ್ಲೇ ನಿಂತಳು. "ಏನ್ರೀ ಇದು?"

"ಫ್ಯಾನ್ ಕ್ಲೀನ್ ಮಾಡೋಕೆ ಹೋದೆ ಕಣೆ. ನಾಳೆ ನಿನಗೆ ಆ ಶಬ್ದದ ಕಾಟ ಇರಬಾರ್ದು ಅಂತ."

"ಫ್ಯಾನಾ?" ಸಿಟ್ಟು ಬರಬೇಕಾದ ಮುಖದಲ್ಲಿ ಬೇರೇನೋ ಬಂತು. "ಅಯ್ಯೋ, ಅದು ಫ್ಯಾನ್..." ಎಂದು ಶುರು ಮಾಡಿ ಮಾತು ನುಂಗಿಕೊಂಡಳು. "ಇಲ್ಲಿ ಕೊಡಿ ಪ್ಲಕ್ಕರ್."

ಗಿರಾಕಿಯ ಎರಡನೆಯ ಹುಬ್ಬು ಮುಗಿಸಿ, ಭೂತಗನ್ನಡಿ ಹಿಡಿದು ಬಂದಳು.

"ಟಾರ್ಚ್ ಹಿಡೀರಿ. ಉಸಿರು ಆ ಕಡೆ ಬಿಡಿ."

"ಅಂಗಡಿಯವನು ಆಗಲ್ಲ ಅಂದ."

"ಅವನು ನಾನು ತಿದ್ದಿರೋ ಹುಬ್ಬು ನೋಡಿಲ್ಲ ಬಿಡಿ."

ಮಲಗಿದ ಮಕ್ಕಳನ್ನು ಎಬ್ಬಿಸುವ ಹಾಗೆ ಒಂದೊಂದೇ ಪಿನ್ನನ್ನು ಮೆಲ್ಲಗೆ ಎತ್ತಿ ಸಾಲಿಗೆ ಸೇರಿಸಿದಳು. ನಾನು ಟಾರ್ಚ್ ಹಿಡಿದು ಉಸಿರನ್ನು ಗೋಡೆಯ ಕಡೆ ಬಿಡುತ್ತಿದ್ದೆ. ಆಮೇಲೆ ನಾನು ಅಂಗಡಿಗೆ ಓಡಿ ತಂದ, ಬಿಲ್ಲೆಯ ಬಿಸಿ ಇಳಿಸುವ ಪೇಸ್ಟ್ ಹಚ್ಚಿ, ಎಲ್ಲ ಕೂರಿಸಿ, ಗುಂಡಿ ಒತ್ತಿದೆವು. ಪರದೆ ಬೆಳಗಿತು. ನನಗೆ ಕಣ್ಣೀರೇ ಬಂತು.

"ಸಾಕು, ಕೀಬೋರ್ಡ್ ಮೇಲೆ ಬೀಳುತ್ತೆ," ಎಂದು ಸೆರಗಿನಿಂದ ಒರೆಸಿದಳು.

ಮರುದಿನ ಯಾರೂ ಸದ್ದು ಮಾಡದಂತೆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಒಳಗಿಂದ ಅವಳ ಉತ್ತರಗಳು ಸರಾಗವಾಗಿ ಬರುತ್ತಿದ್ದವು. ಹಿಂದಿನ ದಿನದ ಆತಂಕವೆಲ್ಲ ಇಳಿದು ಮೈ ಹಗುರವಾಯಿತು.

ನನಗೆ ಎಚ್ಚರವಾದದ್ದು ಮೇಡಂ ಅವರ ದನಿಗೆ.

"ತುಂಬಾ ಚೆನ್ನಾಗಿ ಹೇಳಿದ್ರಿ, ಪಾಸಾಗಿದೀರಿ. ಆದ್ರೆ ಆ ಫ್ಯಾನ್ ಇನ್ನೂ ರಿಪೇರಿ ಆಗಿಲ್ವಾ?"

"ಇಲ್ಲ ಮೇಡಂ," ಎಂದಳು ನನ್ನವಳು. "ಆದ್ರೆ ಆ ಸದ್ದು ಪಕ್ಕದಲ್ಲಿ ಇಲ್ದಿದ್ರೆ ನನಗೆ ಓದಿದ್ದು ತಲೆಗೆ ಹತ್ತಲ್ಲ."

ತೆರೆದಿದ್ದ ಬಾಯನ್ನು ಮೆಲ್ಲಗೆ ಮುಚ್ಚಿಕೊಂಡೆ. ಒಳಗೆ ಕಂಪ್ಯೂಟರ್ ಮಾತ್ರ, ಯಾವತ್ತಿನ ಹಾಗೆ, ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತಿತ್ತು.